ಫೆರಿಷ್ತಾ ಲೇಖನ: ತಿದ್ದಿ ಮತ್ತೆ ಕಳಿಸಿ

ಮಾನ್ಯರೇ,

ಬಿಜಾಪುರದ ಆಸ್ಥಾನ ಇತಿಹಾಸಕಾರ ಮುಹಮ್ಮದ್ ಖಾಸಿಂ ಫೆರಿಷ್ತಾನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ಲವಲವಿಕೆಯಿಂದಿದೆ. ಆದರೆ ಈಗಿರುವ ಹಾಗೆ ಅಚ್ಚು ಮಾಡಲಾಗದು.

ಮೊದಲ ಪುಟದಲ್ಲೇ ಅವನು ಗೋಲಗುಮ್ಮಟದ ನೆರಳಲ್ಲಿ ಕೂತು ಗರಿಯ ಲೇಖನಿ ಹಿಡಿದಿದ್ದಾನೆ. ಪಾರ್ಸಿ ಬರೆಯುತ್ತಿದ್ದದ್ದು ಓರೆಯಾಗಿ ಕತ್ತರಿಸಿದ ಜೊಂಡಿನ ಕಲಮಿನಿಂದ. ಗುಮ್ಮಟವೋ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಆತ ಪಟ್ಟಕ್ಕೆ ಬಂದದ್ದೇ 1627ರಲ್ಲಿ. ಫೆರಿಷ್ತಾ ತನ್ನ ಇತಿಹಾಸ ಗ್ರಂಥ ಒಪ್ಪಿಸಿದ್ದು ಅದಕ್ಕೂ ಮೊದಲಿದ್ದ ದೊರೆ ಎರಡನೇ ಇಬ್ರಾಹಿಂನಿಗೆ. ನೀವು ಒಪ್ಪಿಸಿದ ವರ್ಷ 1637 ಎಂದಿದ್ದೀರಿ, ಅಂದರೆ ದೊರೆ ತೀರಿಕೊಂಡು ಹತ್ತು ವರ್ಷಕ್ಕೆ! ಇಸ್ಲಾಮಿ ಪಂಚಾಂಗದ ಹಿಜರಿ 1015ಕ್ಕೆ ನೇರ 622 ಕೂಡಿಸಿದ್ದರಿಂದ ಹೀಗಾಗಿದೆ. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಮೊದಲು 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಿ; 1606 ಬರುತ್ತದೆ. ತಿಂಗಳು ಸಿಗದಿದ್ದರೆ 1606–07 ಎಂದು ಬರೆಯಿರಿ.

ಇವೆಲ್ಲ ತಿದ್ದಬಹುದಾದವು. ದೊಡ್ಡ ತೊಡಕೆಂದರೆ, ಅವನು ಕಂಡದ್ದು, ಕೇಳಿದ್ದು, ಓದಿದ್ದು ಮೂರೂ ನಿಮ್ಮಲ್ಲಿ ಕಲಸಿಹೋಗಿವೆ. 1565ರ ತಾಳಿಕೋಟೆ ಯುದ್ಧವನ್ನು ಅವನ ಕಣ್ಣಿಂದ ತೋರಿಸಿದ್ದೀರಿ. ಅವನು ಅಲ್ಲಿರಲೇ ಇಲ್ಲ. ಬಹಮನಿ ರಾಜ್ಯ ಕಟ್ಟಿದ ಹಸನ್, ಗಂಗು ಎಂಬ ಬ್ರಾಹ್ಮಣನ ಬಳಿ ಆಳಾಗಿದ್ದನೆಂಬ ಕಥೆಯೂ ಅಷ್ಟೆ. ರಾಜ್ಯ ಹುಟ್ಟಿದ್ದು 1347ರಲ್ಲಿ, ಫೆರಿಷ್ತಾ ಬರೆದದ್ದು ಎರಡೂವರೆ ಶತಮಾನ ಕಳೆದ ಮೇಲೆ. ಹಸನನ ನಾಣ್ಯದಲ್ಲಿರುವುದು 'ಬಹಮನ್ ಶಾಹ', ಗಂಗುವಿನ ಸುಳಿವಿಲ್ಲ. ಕಥೆ ಬಿಡಬೇಡಿ, 'ಫೆರಿಷ್ತಾ ಹೇಳುವಂತೆ' ಎಂದು ಸೇರಿಸಿ.

ಅವನು ನಿಜಕ್ಕೂ ಕಂಡದ್ದನ್ನು ಒಂದೇ ಸಾಲಲ್ಲಿ ದಾಟಿಸಿಬಿಟ್ಟಿದ್ದೀರಲ್ಲ! 1588ರ ಅಹಮದ್‌ನಗರ. ಮೀರಾನ್ ಹುಸೇನ್ ಹೆತ್ತ ಅಪ್ಪ, ಅಲ್ಲಿನ ಸುಲ್ತಾನ ಮುರ್ತಜಾ ನಿಜಾಮ್ ಶಾಹನ ಮೇಲೆ ತಿರುಗಿಬಿದ್ದಾಗ ಅರಮನೆಯ ಕಾವಲಿಗಿದ್ದವನು ಫೆರಿಷ್ತಾ. ಅವನ ತಂದೆ ಅದೇ ಮೀರಾನನಿಗೆ ಪಾಠ ಹೇಳಲು ನೇಮಕವಾಗಿದ್ದವರು. ಆ ಗುರುತೇ ಜೀವ ಉಳಿಸಿತು. ಮುರ್ತಜಾನನ್ನು ಕಾದ ಹಮಾಮಿನಲ್ಲಿ (ಸ್ನಾನದ ಮನೆಯಲ್ಲಿ) ಕೂಡಿಹಾಕಿ ಕೊಂದರು. ಲೇಖನ ಇಲ್ಲಿಂದಲೇ ಶುರುವಾಗಲಿ. ಮರುವರ್ಷ ಅವನು ಬಿಜಾಪುರಕ್ಕೆ ಬಂದಾಗ ದೊರೆ ಓಡಿಬಂದು ಅಪ್ಪಿಕೊಂಡ ಎಂಬ ದೃಶ್ಯ ತೆಗೆಯಿರಿ. ಇಬ್ರಾಹಿಂ ಆಗಿನ್ನೂ ಹರೆಯದ ಹುಡುಗ, ಅಧಿಕಾರವೆಲ್ಲ ರಾಜಪ್ರತಿನಿಧಿ ದಿಲಾವರ್ ಖಾನನ ಕೈಯಲ್ಲಿತ್ತು.

ಫೆರಿಷ್ತಾನಿಗೆ ಸೂಫಿ ಸಂತರ ಗೊಡವೆ ಇರಲಿಲ್ಲ ಎಂದೂ ಬರೆದಿದ್ದೀರಿ. ನೀವು ನೆಚ್ಚಿರುವುದು ಬ್ರಿಗ್ಸ್‌ನ 1829ರ ಇಂಗ್ಲಿಷ್ ಅನುವಾದವನ್ನು. ಮೂಲದ 12ನೇ ಭಾಗ ಪೂರ್ತಿ ಸಂತರದ್ದೇ; ಅದನ್ನು ಕೈಬಿಟ್ಟವನು ಬ್ರಿಗ್ಸ್.