ಸೇಲ್ ಬಂದಾಗ ಒಂದೊಂದೇ ಪಾರ್ಟ್ ಕೊಂಡಿಟ್ಟು ಗೇಮಿಂಗ್ ಪಿಸಿ ಜೋಡಿಸಿದರೆ ರೊಕ್ಕ ಉಳಿಯುತ್ತಾ?

ಉಳಿಯಲ್ಲ. ನಿಮ್ಮ ಪಟ್ಟಿ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇಂಟೆಲ್ 12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, ಎಂಟೆಂಟು ಜಿಬಿಯ ಎರಡು ರ‍್ಯಾಮ್, ಎಲ್ಲ ಈಗಿನಿಂದ ಒಂದೊಂದಾಗಿ, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಮಾತ್ರ ಕೊನೆಗೆ ದೀಪಾವಳಿ ಸೇಲ್‌ನಲ್ಲಿ. 2022ರಲ್ಲಿ ವಿಜಯಪುರದಲ್ಲಿ ಕೂತು ನಾನು ಹಾಕಿದ್ದ ಪ್ಲ್ಯಾನ್ ಇದೇ ರೀ. ನನ್ನದು 12100ಎಫ್, ಅಷ್ಟೇ ಫರಕು.

ಆ ವರ್ಷ ಕಾಯಲು ಕಾರಣವಿತ್ತು. ಹಿಂದಿನ ವರ್ಷ ಚಿಪ್ ಕೊರತೆ ಒಂದು ಕಡೆ, ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಕಂಪ್ಯೂಟರಿನಿಂದ ಗಳಿಸುವ ಮೈನಿಂಗ್‌ಗೆ ರಾಶಿಗಟ್ಟಲೆ ಕಾರ್ಡ್ ಎತ್ತಿಕೊಂಡು ಹೋಗುವವರು ಇನ್ನೊಂದು ಕಡೆ. ನಮ್ಮಂಥವರಿಗೆ ಕಾರ್ಡ್ ಮುಟ್ಟುವ ಹಾಗಿರಲಿಲ್ಲ. 2022ರ ನಡುವಿನಿಂದ ಬೆಲೆ ಇಳಿಯತೊಡಗಿತು. ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಪದ್ಧತಿಯನ್ನೇ ಬದಲಿಸಿಕೊಂಡ ಮೇಲೆ ಅದನ್ನು ಕಾರ್ಡ್‌ನಲ್ಲಿ ಮೈನಿಂಗ್ ಮಾಡುವುದೇ ನಿಂತುಹೋಯಿತು. ದಸರಾ ಹೊತ್ತಿಗೆ ಆರ್‌ಎಕ್ಸ್ 6600 ನನ್ನ ಕೈಗೆಟುಕಿತು. ಹಾಗಾಗಿ ಕಾರ್ಡಿಗೆ ಕಾದದ್ದು ಸರಿಯೇ ಇತ್ತು. ಕೆಟ್ಟದ್ದು ಬೇರೆ ಕಡೆ.

ಬೇಸಿಗೆಯಲ್ಲೇ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಬಂದಿದ್ದವು. ಬಾಕ್ಸ್ ತೆರೆದು ಕಣ್ತುಂಬ ನೋಡಿ ಮತ್ತೆ ಮುಚ್ಚಿ ತಿಜೂರಿಯಲ್ಲಿ ಇಟ್ಟೆ. ಜೋಡಿಸಿ ನೋಡಲಿಲ್ಲ ಯಾಕೆ? ನೋಡುವ ದಾರಿಯೇ ಇರಲಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗಿನ ಗ್ರಾಫಿಕ್ಸ್ ಕೆಲಸ ಮಾಡಲ್ಲ. ಬೋರ್ಡ್ ಹಿಂದೆ ಮಾನಿಟರ್ ಚುಚ್ಚಲು ಎಚ್‌ಡಿಎಂಐ ಇರುತ್ತೆ, ವಿಜಿಎ ಇರುತ್ತೆ, ಆದರೆ ಎಫ್ ಪ್ರೊಸೆಸರ್ ಹಾಕಿದರೆ ಅವೆಲ್ಲ ಬರೀ ತೂತು. ಬೇರೆ ಕಾರ್ಡ್ ಬರುವತನಕ ಫ್ಯಾನ್ ತಿರುಗುತ್ತೆ, ಪರದೆ ಕಪ್ಪಗೇ ಇರುತ್ತೆ. ಎಫ್ ಇಲ್ಲದ 12100ಕ್ಕೆ ಆಗ ಎರಡು-ಮೂರು ಸಾವಿರ ಜಾಸ್ತಿ. ಹೇಗೂ ಕಾರ್ಡ್ ಹಾಕುತ್ತೇನಲ್ಲ, ಆ ರೊಕ್ಕ ಯಾಕೆ ಕೊಡಬೇಕು ಅಂದುಕೊಂಡೆ. ಲೆಕ್ಕ ನೋಡಲು ಚೆನ್ನಾಗಿಯೇ ಇತ್ತು. ಆದರೆ ಆ ಎರಡು-ಮೂರು ಸಾವಿರ ಕೊಟ್ಟಿದ್ದರೆ ಬೋರ್ಡ್ ಬಂದ ದಿನವೇ ಮನೆಯ ಮಾನಿಟರಿಗೆ ಚುಚ್ಚಿ ನೋಡಬಹುದಿತ್ತು. ನಮ್ಮಪ್ಪ ಜೋಳದ ಬೀಜ ತಂದರೆ ನಾಲ್ಕು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡಿಯೇ ಚೀಲ ಒಳಗಿಡುತ್ತಾರೆ. ನಾನು ಚೀಲವನ್ನು ಹಾಗೇ ಒಳಗಿಟ್ಟೆ.

ಕಾರ್ಡ್ ಬಂದ ದಿನ ಎಲ್ಲ ಜೋಡಿಸಿ ಬಟನ್ ಒತ್ತಿದರೆ ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಎಂದು ಬರೆದ ಪುಟ್ಟ ದೀಪ ಹತ್ತಿತು, ಆರಲೇ ಇಲ್ಲ. ರ‍್ಯಾಮ್ ತೆಗೆದು ಹಾಕಿದೆ, ಅದಲುಬದಲು ಮಾಡಿದೆ. ಕೊನೆಗೆ ಒಂದೇ ರ‍್ಯಾಮ್ ಒಂದು ಸ್ಲಾಟಿನಲ್ಲಿ ಹಾಕಿದಾಗ ಡಿಸ್ಪ್ಲೇ ಬಂತು. ಅದೇ ರ‍್ಯಾಮ್ ಪಕ್ಕದ ಸ್ಲಾಟಿಗೆ ಹಾಕಿದರೆ ಮತ್ತೆ ಕತ್ತಲೆ. ರ‍್ಯಾಮ್ ಎರಡೂ ಚೆನ್ನಾಗಿವೆ, ಸ್ಲಾಟ್ ಸತ್ತಿದೆ ಅಂತಾಯಿತು. ಇಂಥ ಬೋರ್ಡಿನಲ್ಲಿ ಇರುವುದೇ ಎರಡು ಸ್ಲಾಟ್, ಎರಡು ಚಾನೆಲ್ (ಪ್ರೊಸೆಸರಿಗೆ ಹೋಗುವ ದಾರಿ). ಒಂದು ಹೋದರೆ ಎರಡೂ ದಾರಿ ಕೂಡಿ ಕೊಡುವ ವೇಗ, ಅಂದರೆ ಡ್ಯುಯಲ್ ಚಾನೆಲ್ ಹೋಯಿತು, ರ‍್ಯಾಮಿಗೆ ಹಾಕಿದ ರೊಕ್ಕದಲ್ಲಿ ಅರ್ಧ ಹೋಯಿತು.

ಹೀಗೆ ಸ್ಲಾಟ್ ಸತ್ತರೆ ಮೊದಲು ನೋಡಬೇಕಾದದ್ದು ಪ್ರೊಸೆಸರಿನ ಕೆಳಗೆ, ಸ್ಲಾಟಿಗೂ ಪ್ರೊಸೆಸರಿಗೂ ನಂಟು ಅಲ್ಲಿನ ಪಿನ್‌ಗಳ ಮೂಲಕವೇ. 12ನೇ ತಲೆಮಾರಿನ ಇಂಟೆಲ್‌ನಲ್ಲಿ ಪಿನ್ ಇರುವುದು ಪ್ರೊಸೆಸರ್ ಕೂರುವ ಬೋರ್ಡಿನ ಸಾಕೆಟ್ಟಿನಲ್ಲಿ, ಒಟ್ಟು 1700, ಕೂದಲೆಳೆಯಂಥವು. ಮೊಬೈಲ್ ಟಾರ್ಚ್ ಅಡ್ಡಲಾಗಿ ಹಿಡಿದರೆ ಸಾಲುಗಳು ಒಂದೇ ಸಮನಾಗಿ ಹೊಳೆಯಬೇಕು. ಅಂಚಿನ ಹತ್ತಿರ ಒಂದು ಕಡೆ ಹೊಳಪು ಕಡಿದಿತ್ತು. ಮೊಬೈಲ್ ರಿಪೇರಿಯ ಹುಡುಗನ ಹತ್ತಿರ ಮೈಕ್ರೋಸ್ಕೋಪ್ ಇರುತ್ತಲ್ಲ, ಅಲ್ಲಿಗೆ ಒಯ್ದೆ. ಕಣ್ಣಿಟ್ಟು ನೋಡಿ, "ಸರ, ಒಂದ ಪಿನ್ನ ಮಲ್ಕೊಂಡೈತ್ರಿ. ಎಬ್ಬಸ್ತೇನಿ, ಆದ್ರ ಮುರಿದ್ರ ನನ್ನ ಕೇಳಬ್ಯಾಡ್ರಿ" ಅಂದ. ನಾನು ತಡೆದೆ. ಮೊದಲು ವಾರಂಟಿ ಕೇಳೋಣ ಅಂತ.

ಮಾರಿದವರ ಬದಲಿ ಕೊಡುವ ಅವಧಿ ಏಳು ದಿನದ್ದು, ಮುಗಿದು ತಿಂಗಳುಗಳೇ ಆಗಿದ್ದವು. ಕಂಪನಿಯ ಮೂರು ವರ್ಷದ ವಾರಂಟಿ ಇತ್ತು, ಆದರೆ ಬಗ್ಗಿದ ಪಿನ್ ಅಂದರೆ ಅವರ ಲೆಕ್ಕದಲ್ಲಿ ಫಿಸಿಕಲ್ ಡ್ಯಾಮೇಜ್, ವಾರಂಟಿಯಿಂದ ಹೊರಗೆ. ಬಗ್ಗಿಸಿದವರು ಯಾರು? ಫ್ಯಾಕ್ಟರಿಯೋ, ಮೊದಲು ತೆರೆದು ವಾಪಸ್ ಕೊಟ್ಟ ಗಿರಾಕಿಯೋ, ಪ್ರೊಸೆಸರ್ ಇಡುವಾಗ ನಾನೋ. ಬಂದ ದಿನ ತೆಗೆದ ಒಂದು ಫೋಟೋ ಇದ್ದಿದ್ದರೂ ಜಗಳ ಮಾಡಬಹುದಿತ್ತು. ಕೈಯಲ್ಲಿ ಏನೂ ಇರಲಿಲ್ಲ. ಹುಡುಗ ಚಿಮಟಿಗೆಯಿಂದ ಎಬ್ಬಿಸಲು ಹೋದಾಗ ಪಿನ್ ಮುರಿಯಿತು. ಅವನ ತಪ್ಪಿಲ್ಲ, ಮೊದಲೇ ಹೇಳಿದ್ದ.

ಸೇಲ್‌ಗಳಲ್ಲಿ ಎಲ್ಲ ಸೇರಿ ನಾನು ಉಳಿಸಿದ್ದು ಮೂರೂವರೆ ಸಾವಿರದಷ್ಟು. ಹೊಸ ಬೋರ್ಡಿಗೆ ಕೊಟ್ಟದ್ದು ಏಳು ಸಾವಿರದ ಮೇಲೆ.

ಆ ಎರಡನೇ ಬೋರ್ಡ್ ಊರಿನ ಅಂಗಡಿಯಲ್ಲೇ ಕೊಂಡೆ. ಪ್ರೊಸೆಸರ್, ರ‍್ಯಾಮ್, ಕಾರ್ಡ್ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರು ಬೋರ್ಡನ್ನು ಅದರ ರಟ್ಟಿನ ಬಾಕ್ಸ್ ಮೇಲೇ ಇಟ್ಟು, ನನ್ನ ಸಾಮಾನು ಕೂಡಿಸಿ, ಕರೆಂಟ್ ಪೂರೈಸುವ ತಮ್ಮ ಎಸ್‌ಎಂಪಿಎಸ್ ಚುಚ್ಚಿ, ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರು. ಪರದೆಯಲ್ಲಿ 16 ಜಿಬಿ ಅಂತ ಬಂದ ಮೇಲೆ ಬಿಲ್ ಬರೆದರು. ಆನ್‌ಲೈನ್‌ಗಿಂತ ಎಂಟುನೂರು ರೂಪಾಯಿ ಜಾಸ್ತಿ. ಈಗ ಯಾರು ಕೇಳಿದರೂ ಬೋರ್ಡ್ ಮಾತ್ರ ಹೀಗೇ ಕೊಳ್ಳಿ ಅನ್ನುತ್ತೇನೆ.

ಹಾಗಾಗಿ ನಿಮ್ಮ ಪ್ಲ್ಯಾನನ್ನೇ ಬಿಡಿ. ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ಉಳಿಸುವ ವಿಚಾರವೇ ಸರಿಯಿಲ್ಲ. ವಾರಂಟಿ ಬಿಲ್ ತಾರೀಖಿನಿಂದ ಓಡುತ್ತೆ, ತಿಜೂರಿಯಲ್ಲಿಟ್ಟರೂ ಓಡುತ್ತೆ. ರೊಕ್ಕ ಕೂಡಿಡಿ, ಸಾಮಾನು ಕೂಡಿಡಬೇಡಿ. ಎಲ್ಲವನ್ನೂ ಒಂದೇ ವಾರದಲ್ಲಿ ತಂದು, ಬಂದ ದಿನವೇ ಸಾಕೆಟ್ಟಿನ ಫೋಟೋ ತೆಗೆದು, ವಾಪಸ್ ಕೊಡುವ ಅವಧಿಯೊಳಗೆ ಓಡಿಸಿ ನೋಡಿ. ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಸಾಡಬೇಡಿ, ಅದಿಲ್ಲದ ಬೋರ್ಡನ್ನು ಕೆಲವು ಕಂಪನಿ ವಾರಂಟಿಗೆ ತೆಗೆದುಕೊಳ್ಳಲ್ಲ.

ಕಾರ್ಡಿಗೆ ಈಗ ರೊಕ್ಕ ಸಾಲದು ಅಂದರೆ ಎಫ್ ಬಿಟ್ಟು ಬರೀ 12400 ತೆಗೆದುಕೊಳ್ಳಿ. ಅದರೊಳಗಿನ ಗ್ರಾಫಿಕ್ಸ್‌ನಲ್ಲೇ ಸೆಟ್ಟಿಂಗ್ ಇಳಿಸಿ ವ್ಯಾಲೊರಂಟ್ ಆಡಬಹುದು, ದೊಡ್ಡ ಗೇಮ್ ಆಗಲ್ಲ. ಕಾರ್ಡ್ ಮುಂದೆ ಹಾಕಿದರಾಯಿತು. ಎಫ್ ಈಗಾಗಲೇ ಕೊಂಡಿದ್ದರೆ ಗೆಳೆಯರ ಹತ್ತಿರ ಯಾವುದಾದರೂ ಕಾರ್ಡ್ ಒಂದು ಸಂಜೆಗೆ ಇಸಿದುಕೊಳ್ಳಿ. ತೀರಾ ಹಳೆಯದು ಬೇಡ, ಯುಇಎಫ್ಐ (ಹೊಸ ಬೋರ್ಡುಗಳು ಶುರುವಾಗುವ ಪದ್ಧತಿ) ಗೊತ್ತಿಲ್ಲದ ಕಾರ್ಡಿಗೆ ಹೊಸ ಬೋರ್ಡಿನಲ್ಲಿ ಡಿಸ್ಪ್ಲೇ ಬರದೇ ಹೋಗಬಹುದು.

ಕತ್ತರಿ ಹಾಕುವುದಾದರೆ ಕ್ಯಾಬಿನೆಟ್ಟಿಗೆ ಹಾಕಿ. ಗಾಜು, ಬಣ್ಣದ ದೀಪ ಬೇಡ; ಮುಂದೆ ಜಾಲರಿ ಇರುವ ಸಾದಾ ಡಬ್ಬಿ ಸಾಕು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವಾಗ ಗಾಜಿನ ಡಬ್ಬಿಗಿಂತ ಅದೇ ಚಲೋ. ಕೂಲರ್ ಪ್ರೊಸೆಸರಿನ ಬಾಕ್ಸಿನೊಳಗೇ ಬರುತ್ತೆ, ಅದೇ ನಡೆಯುತ್ತೆ. ಹಳೆಯ ಕೀಬೋರ್ಡ್, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅವೇ ಇರಲಿ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಸಾಕಾ ಅಂತಲೂ ಕೇಳಿದ್ದೀರಿ. ಸಾಲದು. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ಬಿಟ್ಟು ಲೇಬಲ್ಲಿನಲ್ಲಿ 12 ವೋಲ್ಟ್ ಸಾಲು ಓದಿ, ಆಂಪಿಯರನ್ನು ಹನ್ನೆರಡರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್ ಆಯಿತು. ಆರ್‌ಎಕ್ಸ್ 6600 ಒಂದೇ 132 ಕೇಳುತ್ತೆ, 12400ಎಫ್ ಪೂರ್ತಿ ದುಡಿಯುವಾಗ 117ರವರೆಗೆ ಹೋಗುತ್ತೆ. ನೀವೇ ಕೂಡಿಸಿ ನೋಡಿ.

ಮಾನಿಟರ್ ಹಳೆಯದು, ವಿಜಿಎ ಮಾತ್ರ ಇದೆ ಅಂದಿದ್ದೀರಿ. ಅದಕ್ಕೆಂದು ಹೊಸ ಮಾನಿಟರ್ ಈಗಲೇ ಬೇಡ. ಎಫ್ ಇಲ್ಲದ ಪ್ರೊಸೆಸರ್ ಆದರೆ ಬೋರ್ಡಿನ ವಿಜಿಎಗೇ ಚುಚ್ಚಬಹುದು, ಬೋರ್ಡಿನಲ್ಲಿ ಆ ಪೋರ್ಟ್ ಇದೆಯೇ ಅಂತ ಕೊಳ್ಳುವ ಮೊದಲು ನೋಡಿಕೊಳ್ಳಿ. ಕಾರ್ಡ್ ಹಾಕಿದ ಮೇಲೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಬೇಕಾಗುತ್ತೆ, ಕೆಲವು ನೂರು ರೂಪಾಯಿಗೆ ಸಿಗುತ್ತೆ.