ಕ್ರೆಡಿಟ್ ಕೊಟ್ಟಿದ್ದೀನಲ್ಲ, ಮತ್ತೇನು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೋದ ಸಲವೂ ಅದೇ, ಅದರ ಹಿಂದಿನ ಸಲವೂ ಅದೇ. ಬರೆಯುವವರು ಬೇರೆ, ಬಿಡಿಸಿದ ಪಾತ್ರ ಬೇರೆ. ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ: "ಕ್ರೆಡಿಟ್ ಕೊಟ್ಟಿದ್ದೆ ಮೇಡಂ, ಆದರೂ ತೆಗೆದುಹಾಕಿದರು." ಕಾಪಿರೈಟ್ ಅಂದರೆ ಏನು ಅಂತ ಮೊದಲಿಂದ ಹೇಳುವ ತಾಳ್ಮೆ ನನಗಿಲ್ಲ. ಕೇಳುವ ತಾಳ್ಮೆ ನಿಮಗೂ ಇರಲಾರದು. ಒಂದು ಪತ್ರ ಹಿಡಿದು ಅದನ್ನೇ ಪೂರ್ತಿ ಬಿಚ್ಚುತ್ತೇನೆ. ಉಳಿದವಕ್ಕೆ ಜಾಗ ಮಿಕ್ಕರೆ ನೋಡೋಣ.

ಪ್ರಶ್ನೆ: ನನಗೆ ಇಷ್ಟವಾದ ಧಾರಾವಾಹಿಯ ಪಾತ್ರವನ್ನು ಪೆನ್ಸಿಲ್‌ನಲ್ಲಿ ಬಿಡಿಸಿದೆ. ಒಂದು ಫೋಟೋ ನೋಡಿಕೊಂಡು ಮೂರು ರಾತ್ರಿ ಕೂತು ಬಿಡಿಸಿದ್ದು. ಪೋಸ್ಟ್ ಮಾಡುವಾಗ ನಿರ್ಮಾಣ ಸಂಸ್ಥೆಗೂ ನಟಿಗೂ ಕ್ರೆಡಿಟ್ ಕೊಟ್ಟೆ. 'ಯಾರ ಕಾಪಿರೈಟನ್ನೂ ಉಲ್ಲಂಘಿಸುವ ಉದ್ದೇಶವಿಲ್ಲ' ಅಂತಲೂ ಬರೆದೆ. ಒಂದು ಪೈಸೆ ಸಂಪಾದಿಸಿಲ್ಲ. ಆದರೂ ಚಿತ್ರ ಹೋಯಿತು, ಖಾತೆಗೆ ಎಚ್ಚರಿಕೆಯ ಸ್ಟ್ರೈಕ್ ಬಿತ್ತು. ಅಷ್ಟು ದೊಡ್ಡ ಸಂಸ್ಥೆಗೆ ನನ್ನಂಥ ಅಭಿಮಾನಿಯ ಮೇಲೆ ಯಾಕೆ ಸಿಟ್ಟು? ತೆಗೆದದ್ದು ತಪ್ಪು ಅಂತ ನಾನು ಎದುರು ನೋಟಿಸ್ ಕಳಿಸಬಹುದೇ?

ಉತ್ತರ: ಸಂಸ್ಥೆಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲ. ಪತ್ರದ ಜೊತೆ ನನಗೆ ಕಳಿಸಿದ್ದೀರಲ್ಲ ಆ ನೋಟಿಸ್, ಅದನ್ನು ನೀವೇ ಓದಿಲ್ಲ. ದೂರು ಕೊಟ್ಟಿರುವುದು ಸಂಸ್ಥೆ ಅಲ್ಲ, ಫೋಟೋ ತೆಗೆದವರು. ಮೂರನೇ ಸಾಲಿನಲ್ಲಿ ಅವರ ಹೆಸರೇ ಇದೆ. ನೀವು ಕ್ರೆಡಿಟ್ ಕೊಟ್ಟಿದ್ದು ಇಬ್ಬರಿಗೆ. ಆ ಇಬ್ಬರಲ್ಲಿ ಅವರಿಲ್ಲ.

ಇದು ನಿಮ್ಮೊಬ್ಬರ ತಪ್ಪಲ್ಲ. ಫ್ಯಾನ್ ಆರ್ಟ್, ಅಂದರೆ ಇಷ್ಟದ ಪಾತ್ರಗಳ ಚಿತ್ರ, ಮಾಡುವ ಅಭಿಮಾನಿಗಳಿಗೆ ಕಣ್ಣ ಮುಂದೆ ಪಾತ್ರ ಕಾಣುತ್ತದೆ, ಪಾತ್ರದ ಹಿಂದಿನ ಸಂಸ್ಥೆ ಕಾಣುತ್ತದೆ. ನಡುವೆ ಕ್ಯಾಮೆರಾ ಹಿಡಿದು ನಿಂತವರು ಕಾಣುವುದಿಲ್ಲ. ಆ ಬೆಳಕು, ಆ ಕೋನ, ಕತ್ತು ಅಷ್ಟೇ ವಾಲಿದ ಆ ಕ್ಷಣ, ಇವೆಲ್ಲ ಅವರ ಆಯ್ಕೆ. ನೀವು ಮೂರು ರಾತ್ರಿ ಕೂತು ಕಾಗದಕ್ಕೆ ಇಳಿಸಿದ್ದು ಅದನ್ನೇ. ನಟಿಯ ಮುಖ ನಟಿಯದು, ಪಾತ್ರ ಸಂಸ್ಥೆಯದು, ಆದರೆ ಫೋಟೋ ಮೂರನೆಯವರದೂ ಆಗಿರಬಹುದು. ಒಂದು ಚಿತ್ರ ನೋಡಿಕೊಂಡು ಬಿಡಿಸುವಾಗ ಒಬ್ಬರಿಗಿಂತ ಜಾಸ್ತಿ ಜನರ ಹಕ್ಕು ಅದರೊಳಗೆ ಇರಬಹುದು ಅನ್ನುವುದು ನೆನಪಿರಲಿ.

"ನಾನು ಕೈಯಿಂದ ಬಿಡಿಸಿದ್ದು, ಕಾಪಿ ಮಾಡಿಲ್ಲ" ಅಂತ ಹೇಳುತ್ತೀರಿ. ನಿಮ್ಮ ಕೈಗಿಂತ ದೊಡ್ಡ ಕೈಯೂ ಇಲ್ಲಿ ಸೋತಿದೆ. ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಒಂದು ಫೋಟೋ ತೆಗೆದರು. 1984ರಲ್ಲಿ ಒಂದು ಪತ್ರಿಕೆ ಅವರಿಗೆ 400 ಡಾಲರ್ ಕೊಟ್ಟು, ಅದನ್ನು ನೋಡಿಕೊಂಡು ಚಿತ್ರ ಮಾಡಿಸಿ ಒಂದೇ ಒಂದು ಸಲ ಅಚ್ಚು ಹಾಕಲು ಒಪ್ಪಿಗೆ ಪಡೆಯಿತು. ಚಿತ್ರ ಮಾಡಿದವರು ಅಮೆರಿಕದ ಹೆಸರಾಂತ ಕಲಾವಿದ ಆ್ಯಂಡಿ ವಾರ್ಹಾಲ್. ಅವರು ಅದೇ ಫೋಟೋದಿಂದ ಇನ್ನಷ್ಟು ಚಿತ್ರ ಮಾಡಿಟ್ಟರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲಿ ಒಂದು ಇನ್ನೊಂದು ಮುಖಪುಟಕ್ಕೆ ಹೋಯಿತು. ಗೋಲ್ಡ್‌ಸ್ಮಿತ್‌ಗೆ ದುಡ್ಡೂ ಇಲ್ಲ, ಹೆಸರೂ ಇಲ್ಲ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2023ರಲ್ಲಿ ಏಳಕ್ಕೆ ಎರಡು ಮತಗಳಿಂದ ತೀರ್ಪಾಯಿತು. ಮುಖಪುಟಕ್ಕೆ ಕೊಟ್ಟ ಆ ಬಳಕೆಯಲ್ಲಿ, ಅವರ ಚಿತ್ರಗಳ ಹಕ್ಕು ನೋಡಿಕೊಳ್ಳುವ ವಾರ್ಹಾಲ್ ಸಂಸ್ಥೆಯ ವಾದ ನಿಲ್ಲಲಿಲ್ಲ. ಫೋಟೋವನ್ನು ಯಾವ ಕೆಲಸಕ್ಕೆ ಮಾರುತ್ತಾರೋ ಚಿತ್ರವನ್ನೂ ಅದೇ ಕೆಲಸಕ್ಕೆ ಕೊಟ್ಟರು, ಆದ್ದರಿಂದ ಶೈಲಿ ಬೇರೆ ಅನ್ನುವುದಷ್ಟೇ ಸಾಲದು ಅಂದಿತು ಕೋರ್ಟು. ನಿಮ್ಮ ಪೆನ್ಸಿಲ್ ಚಿತ್ರಕ್ಕೆ ಈ ತೀರ್ಪು ನೇರವಾಗಿ ಅನ್ವಯಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೈಯಿಂದ ಬಿಡಿಸಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇನ್ನು ಕ್ರೆಡಿಟ್. ಹೆಸರು ಹಾಕುವುದು ಒಳ್ಳೆಯ ನಡತೆ, ಹಾಕಿ. ಭಾರತದ 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ಪ್ರಕಾರ ಕೃತಿ ಮಾಡಿದವರಿಗೆ 'ಇದು ನನ್ನದು' ಅಂತ ಹೇಳಿಕೊಳ್ಳುವ ಬೇರೆಯದೇ ಹಕ್ಕಿದೆ, ಆದ್ದರಿಂದ ಹೆಸರಿಗೆ ಬೆಲೆ ಇದ್ದೇ ಇದೆ. ಆದರೆ ಅದು ಒಪ್ಪಿಗೆಯ ಜಾಗದಲ್ಲಿ ಕೂರುವುದಿಲ್ಲ. ಕೇಳದೆ ಎತ್ತಿಕೊಂಡ ವಸ್ತುವಿಗೆ ಯಜಮಾನರ ಹೆಸರಿನ ಚೀಟಿ ಅಂಟಿಸಿದರೆ ಅದು ಎರವಲು ಆಗಿಬಿಡುತ್ತದಾ? 'ಉಲ್ಲಂಘಿಸುವ ಉದ್ದೇಶವಿಲ್ಲ' ಅನ್ನುವ ಸಾಲಂತೂ ನನಗೆ ನೋಡಿದರೆ ಮೈ ಉರಿಯುತ್ತದೆ. ಇನ್ನೊಬ್ಬರ ಹಕ್ಕು ಇಲ್ಲಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ನೀವೇ ಬರೆದುಕೊಟ್ಟ ಸಾಕ್ಷಿ ಅದು. ದಯವಿಟ್ಟು ಅದನ್ನು ಕಾಪಿ ಪೇಸ್ಟ್ ಮಾಡುವುದು ಬಿಡಿ.

ದುಡ್ಡು ಮಾಡಿಲ್ಲ ಅನ್ನುವ ಮಾತಿಗೆ ಸ್ವಲ್ಪ ತೂಕವಿದೆ. ಸ್ವಲ್ಪ ಅಷ್ಟೇ. ಅಮೆರಿಕದಲ್ಲಿ 'ಫೇರ್ ಯೂಸ್', ಅಂದರೆ ಒಪ್ಪಿಗೆಯಿಲ್ಲದಿದ್ದರೂ ನಡೆಯುವ ಬಳಕೆ, ಅಳೆಯಲು ನಾಲ್ಕು ಅಂಶ ನೋಡುತ್ತಾರೆ. ಬಳಕೆ ವ್ಯಾಪಾರಕ್ಕೋ ಅಲ್ಲವೋ ಅನ್ನುವುದು ಮೊದಲನೆಯದರ ಒಂದು ತುಂಡು. ಮೂಲ ಕೃತಿಯ ಮಾರುಕಟ್ಟೆಗೆ ಪೆಟ್ಟು ಬೀಳುತ್ತದಾ ಅನ್ನುವುದು ನಾಲ್ಕನೆಯದು, ಪುಕ್ಕಟೆ ಹಂಚಿದರೂ ಆ ಪೆಟ್ಟು ಬೀಳಬಹುದು. ಭಾರತದಲ್ಲಿ ದಾರಿ ಇನ್ನೂ ಕಿರಿದು. 52ನೇ ಕಲಂ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ಅಂತ ಉದ್ದೇಶಗಳನ್ನು ಹೆಸರಿಸಿ ವಿನಾಯಿತಿ ಕೊಡುತ್ತದೆ. ಅಭಿಮಾನ ಅನ್ನುವ ಪದ ಅಲ್ಲಿ ಎಲ್ಲೂ ಇಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ಬಿಡಿಸಿ ಮೇಜಿನೊಳಗೆ ಇಟ್ಟುಕೊಂಡಿದ್ದರೆ ಸ್ವಂತ ಬಳಕೆ. ಪೋಸ್ಟ್ ಒತ್ತಿದ ಕ್ಷಣ ಅದು ಊರಿಗೆಲ್ಲ ತೋರಿಸಿದ್ದು. ನಾನೂ ಓದುವ ವಯಸ್ಸಿನಲ್ಲಿ ಪಾತ್ರಗಳನ್ನು ಬಿಡಿಸಿ ಗೋಡೆ ತುಂಬ ಅಂಟಿಸಿದವಳೇ. ಆ ಗೋಡೆ ಮನೆಯೊಳಗಿತ್ತು, ಅದು ನನ್ನ ಅದೃಷ್ಟ.

ಹಾಗಾದರೆ ಇಷ್ಟೊಂದು ಫ್ಯಾನ್ ಆರ್ಟ್ ಹೇಗೆ ಉಳಿದಿದೆ? ಹಕ್ಕಿನಿಂದಲ್ಲ. ಯಜಮಾನರು ಸುಮ್ಮನಿರುವುದರಿಂದ. ಟೋಕಿಯೋದಲ್ಲಿ 1975ರಿಂದ ಕಾಮಿಕೆಟ್ ಅನ್ನುವ ಮೇಳ ನಡೆಯುತ್ತಿದೆ. ಬೇರೆಯವರ ಪಾತ್ರಗಳನ್ನಿಟ್ಟು ಅಭಿಮಾನಿಗಳೇ ಬರೆದ ಕಾಮಿಕ್ ಪುಸ್ತಕಗಳು ಅಲ್ಲಿ ರಾಶಿ ರಾಶಿ ಮಾರಾಟವಾಗುತ್ತವೆ. ಪ್ರಕಾಶಕರು ಬಹುಪಾಲು ನೋಡಿಯೂ ನೋಡದ ಹಾಗೆ ಇರುತ್ತಾರೆ, ಯಾಕೆಂದರೆ ಅಭಿಮಾನಿಗಳು ಬೇಕು, ನಾಳೆಯ ಕಲಾವಿದರೂ ಅಲ್ಲಿಂದಲೇ ಬರುತ್ತಾರೆ. ಆದರೆ ಈ ಸಹನೆಗೆ ಯಾವ ಗ್ಯಾರಂಟಿಯೂ ಇಲ್ಲ. ಅಮೆರಿಕದ ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್'ನ ಅಭಿಮಾನಿಗಳು 'ಆ್ಯಕ್ಸನಾರ್' ಅನ್ನುವ ಸಿನಿಮಾ ಮಾಡಲು ಜನರಿಂದ ಹತ್ತು ಲಕ್ಷ ಡಾಲರಿಗಿಂತ ಜಾಸ್ತಿ ಎತ್ತಿದರು. ಅಲ್ಲಿಯವರೆಗೆ ಸುಮ್ಮನಿದ್ದ ಯಜಮಾನರು ಕೋರ್ಟಿಗೆ ಹೋದರು. ಇದು ಫೇರ್ ಯೂಸ್ ಅಲ್ಲ ಅಂತ 2017ರ ಜನವರಿಯಲ್ಲಿ ನ್ಯಾಯಾಧೀಶರು ಹೇಳಿದರು, ಆಮೇಲೆ ರಾಜಿಯಾಯಿತು. ಕೇಸು ನಡೆಯುತ್ತಿದ್ದಾಗಲೇ, 2016ರಲ್ಲಿ, ಅಭಿಮಾನಿಗಳ ಸಿನಿಮಾಗಳಿಗೆ ನಿಯಮಪಟ್ಟಿ ಹೊರಬಿತ್ತು: ಒಂದು ಕಥೆ 15 ನಿಮಿಷ ಮೀರಬಾರದು, ಎರಡು ಭಾಗಕ್ಕಿಂತ ಜಾಸ್ತಿ ಇರಬಾರದು, ಹೀಗೆ. ಒಬ್ಬರ ಉತ್ಸಾಹಕ್ಕೆ ಎಲ್ಲರಿಗೂ ಬೇಲಿ ಬಿತ್ತು.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಎದುರು ನೋಟಿಸ್ ಕಳಿಸಬೇಡಿ. ನಾನು ಸ್ವಲ್ಪ ಪುಕ್ಕಲು ಸ್ವಭಾವದವಳು, ಒಪ್ಪುತ್ತೇನೆ. ಆದರೂ ಅದರಲ್ಲಿ ಏನಿರುತ್ತದೆ ಅಂತ ಕೇಳಿ. ದೊಡ್ಡ ತಾಣಗಳು ಬಹುತೇಕ ಇಂಟರ್ನೆಟ್ಟಿನ ಕಾಪಿರೈಟ್ ದೂರುಗಳಿಗೆ ಅಮೆರಿಕದ 1998ರ ಡಿಎಂಸಿಎ ಕಾನೂನಿನ ಪ್ರಕಾರ ನಡೆಯುತ್ತವೆ. ಎದುರು ನೋಟಿಸಿನಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು. 'ತಪ್ಪಾಗಿ ತೆಗೆದಿದ್ದಾರೆ ಅಂತ ನಾನು ನಂಬಿದ್ದೇನೆ' ಅಂತ ಪ್ರಮಾಣ ಮಾಡಬೇಕು, ಸುಳ್ಳಾದರೆ ಅದೇ ಒಂದು ಅಪರಾಧ. ಅಲ್ಲಿಯ ಕೋರ್ಟಿನ ಅಧಿಕಾರಕ್ಕೂ ಒಪ್ಪಿಕೊಳ್ಳಬೇಕು. ದೂರು ಕೊಟ್ಟವರು ಕೇಸು ಹಾಕದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ನಿಮ್ಮ ಚಿತ್ರ ವಾಪಸ್ ಬರುತ್ತದೆ. ಭಾರತದ ಕಾಯ್ದೆಯಲ್ಲೂ ಇದಕ್ಕೆ ಹತ್ತಿರದ ಏರ್ಪಾಡಿದೆ, ದೂರು ಕೊಟ್ಟವರು 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ತಾಣ ಅದನ್ನು ಮತ್ತೆ ತೋರಿಸಬಹುದು. ದೂರು ಸುಳ್ಳಾಗಿದ್ದರೆ, ಅಥವಾ ನಿಮ್ಮದು ನಿಜವಾದ ಅಣಕವೋ ವಿಮರ್ಶೆಯೋ ಆಗಿದ್ದರೆ, ಇದು ಒಳ್ಳೆಯ ಅಸ್ತ್ರ. ನಿಮ್ಮದು ಎರಡೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದ್ದೀರಿ.

ಬದಲಿಗೆ ಆ ಫೋಟೋಗ್ರಾಫರಿಗೆ ನಾಲ್ಕು ಸಾಲು ಬರೆಯಿರಿ. ಯಾವ ಫೋಟೋ, ಏನು ಮಾಡಿದ್ದೀರಿ, ಎಲ್ಲಿ ಹಾಕುತ್ತೀರಿ, ಮಾರುತ್ತೀರೋ ಇಲ್ಲವೋ. ಹೊಗಳಿಕೆ ಬೇಡ, ಅಳು ಬೇಡ. ಎಷ್ಟೋ ಜನ ಒಪ್ಪುತ್ತಾರೆ, ದೂರನ್ನೂ ವಾಪಸ್ ತೆಗೆದುಕೊಳ್ಳುತ್ತಾರೆ. ಬೇಡ ಅಂದರೆ ಬೇಡ. ಉತ್ತರವೇ ಬರದಿದ್ದರೆ ಅದೂ ಬೇಡ ಅಂತಲೇ ಲೆಕ್ಕ. ಮುಂದಿನ ಸಲ ಒಂದೇ ಫೋಟೋಗೆ ಅಂಟಿಕೊಳ್ಳಬೇಡಿ. ಹತ್ತು ಕಡೆ ನೋಡಿ ಮುಖ ಮನಸ್ಸಿಗೆ ತಂದುಕೊಳ್ಳಿ. ಭಂಗಿಗೆ ನಿಮ್ಮ ಸ್ನೇಹಿತರನ್ನೇ ಕೂರಿಸಿ, ಬೆಳಕು ನೀವೇ ಇಡಿ. ಫೋಟೋದ ತಲೆನೋವು ಅಲ್ಲಿಗೆ ಮುಗಿಯಿತು, ಪಾತ್ರದ್ದೊಂದು ಉಳಿಯುತ್ತದೆ. ಅದಕ್ಕೆ ಸಂಸ್ಥೆ ಅಭಿಮಾನಿಗಳಿಗೆ ಅಂತ ನಿಯಮ ಹಾಕಿದೆಯಾ ನೋಡಿ, ವಿಡಿಯೋ ಗೇಮ್ ಕಂಪನಿಗಳಲ್ಲಿ ಹಲವು ಹಾಕಿರುತ್ತವೆ. ಮಾರಾಟದ ಸಾಲನ್ನು ಎರಡು ಸಲ ಓದಿ. ಲೋಗೋ ಬಿಡಿಸಬೇಡಿ, ಅದು ಟ್ರೇಡ್‌ಮಾರ್ಕ್, ಅದರ ಕಥೆಯೇ ಬೇರೆ.

ಉಳಿದ ಪ್ರಶ್ನೆಗಳು, ಬೇಗ ಬೇಗ.

30 ಪರ್ಸೆಂಟ್ ಬದಲಾಯಿಸಿದರೆ ಸಾಕಂತೆ, ಹೌದಾ? ಇಲ್ಲ. ಅಂಥ ಅಂಕಿ ಭಾರತದ ಕಾಯ್ದೆಯಲ್ಲೂ ಇಲ್ಲ, ಅಮೆರಿಕದ ಕಾಯ್ದೆಯಲ್ಲೂ ಇಲ್ಲ. ಹಾಡಿನ ಏಳು ಸೆಕೆಂಡು, ಹದಿನೈದು ಸೆಕೆಂಡು, ಚಿತ್ರವನ್ನು ಎಡಬಲ ತಿರುಗಿಸುವುದು, ಎಲ್ಲ ಇದೇ ಗುಂಪಿನ ಕಟ್ಟುಕಥೆ.

ಗೂಗಲ್‌ನಲ್ಲಿ ಸಿಕ್ಕಿದ್ದು, ಕಾಪಿರೈಟ್ ಗುರುತೇ ಇರಲಿಲ್ಲ. ಗೂಗಲ್ ಹುಡುಕಿ ತೋರಿಸುತ್ತದೆ, ಕೊಡುವುದಕ್ಕೆ ಅದರದ್ದಲ್ಲ. ಗುರುತು ಹಾಕಬೇಕು ಅನ್ನುವ ಷರತ್ತು ಅಮೆರಿಕದಲ್ಲಿ 1989ರಲ್ಲೇ ಹೋಯಿತು, ಅವರು ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದಾಗ. ಮಾತು ಮಾತ್ರ ಇನ್ನೂ ಓಡಾಡುತ್ತಿದೆ.

ಕ್ರಿಯೇಟಿವ್ ಕಾಮನ್ಸ್ ಅಂದರೆ ಫ್ರೀ ತಾನೆ? ಅದು ಮಾಡಿದವರೇ ಷರತ್ತು ಹಾಕಿ ಮೊದಲೇ ಕೊಟ್ಟಿಡುವ ಒಪ್ಪಿಗೆ, ಯಾವ ಲೈಸೆನ್ಸ್ ಅಂತ ಓದಿ. 'ಎನ್‌ಡಿ' (ನೋ ಡೆರಿವೇಟಿವ್ಸ್) ಅಂತ ಇದ್ದರೆ ನೀವು ಬದಲಾಯಿಸಿದ್ದನ್ನು ಹಂಚುವ ಹಾಗಿಲ್ಲ, ಅಂದರೆ ನಿಮ್ಮ ಎಡಿಟ್ ಅಲ್ಲಿಗೇ ಮುಗಿಯಿತು.

ಮಿಕ್ಕಿ ಮೌಸ್ ಈಗ ಎಲ್ಲರದ್ದಂತೆ. 2024ರ ಜನವರಿ 1ರಿಂದ ಅಮೆರಿಕದಲ್ಲಿ ಮುಕ್ತವಾಗಿದ್ದು 1928ರ ಆ ಕಪ್ಪುಬಿಳುಪು ಇಲಿ. ಆಮೇಲಿನ ಬಣ್ಣದ ಮಿಕ್ಕಿಯನ್ನು ಬಿಡಿಸುವ ಮೊದಲು ಯೋಚಿಸಿ.

ನನ್ನ ಫ್ಯಾನ್ ಆರ್ಟನ್ನು ಯಾರೋ ಟೀ ಶರ್ಟ್ ಮೇಲೆ ಹಾಕಿ ಮಾರುತ್ತಿದ್ದಾರೆ. ಅನ್ಯಾಯವೇ. ತಾಣಕ್ಕೆ ದೂರು ಕೊಡಿ, ಕರಡು ಚಿತ್ರಗಳನ್ನು, ತಾರೀಖಿರುವ ಫೈಲ್‌ಗಳನ್ನು ಇಟ್ಟುಕೊಳ್ಳಿ. ಕೋರ್ಟಿಗೆ ಹೋಗುವ ಮಾತು ಮಾತ್ರ ಆಡಬೇಡಿ, ನಿಮ್ಮ ಕಾಲ ಕೆಳಗಿನ ನೆಲವೇ ಗಟ್ಟಿಯಿಲ್ಲ. ಹಾಲಿವುಡ್‌ನ 'ರಾಕಿ' ಸಿನಿಮಾದ ಪಾತ್ರಗಳನ್ನಿಟ್ಟು ಒಪ್ಪಿಗೆಯಿಲ್ಲದೆ ಕಥೆ ಬರೆದವರೊಬ್ಬರು, ಸಿನಿಮಾದವರು ಅದನ್ನು ಕದ್ದರು ಅಂತ ಕೇಸು ಹಾಕಿದ್ದರು. ಒಪ್ಪಿಗೆಯಿಲ್ಲದ ನಿಮ್ಮ ಬರಹಕ್ಕೆ ಕಾಪಿರೈಟೇ ಇಲ್ಲ ಅಂತ 1989ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಹೇಳಿತು. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಅವರ ಲೋಕವನ್ನಿಟ್ಟು ಮುಂದಿನ ಭಾಗ ಬರೆದು ಮಾರಿದ ಇನ್ನೊಬ್ಬ ಅಭಿಮಾನಿ, 2023ರಲ್ಲಿ ಟೋಲ್ಕಿನ್ ಕಡೆಯವರ ಮೇಲೆಯೇ ಕೇಸು ಹಾಕಿದರು. ಸೋತಿದ್ದಲ್ಲದೆ, ಪುಸ್ತಕದ ಪ್ರತಿಗಳನ್ನೆಲ್ಲ ನಾಶ ಮಾಡಬೇಕಾಯಿತು, ಎದುರು ಪಕ್ಷದ ವಕೀಲರ ಖರ್ಚೂ ಹೆಗಲಿಗೆ ಬಿತ್ತು.

ನನ್ನ ಚಿತ್ರವನ್ನು ನನಗೇ ರಿಜಿಸ್ಟರ್ ಪೋಸ್ಟ್ ಮಾಡಿಕೊಂಡರೆ ಕಾಪಿರೈಟ್ ಸಿಗುತ್ತದಾ? ಸ್ವಂತ ಚಿತ್ರವಾದರೆ ಬಿಡಿಸಿದಾಗಲೇ ಸಿಕ್ಕಿದೆ. ಅಂಚೆಯವರಿಗೆ ಸುಮ್ನೆ ಯಾಕೆ ತೊಂದರೆ?

ಸ್ಟ್ರೈಕ್ ತೆಗೆಸಿಕೊಡುವವರೊಬ್ಬರು ಸಿಕ್ಕಿದ್ದಾರೆ, ಪಾಸ್‌ವರ್ಡ್ ಕೇಳುತ್ತಿದ್ದಾರೆ. ಕೊಡಬೇಡಿ! ದುಡ್ಡು ತೆಗೆದುಕೊಂಡು ಸ್ಟ್ರೈಕ್ ಮಾಯ ಮಾಡುವವರು, 'ಕಾಪಿರೈಟ್ ಫ್ರೀ ಸರ್ಟಿಫಿಕೇಟ್' ಮಾರುವವರು ಎಲ್ಲರೂ ಒಂದೇ ಜಾತ್ರೆಯ ಕಣ್ಕಟ್ಟಿನವರು. ಅಂಥ ಸರ್ಟಿಫಿಕೇಟು ಅನ್ನುವುದೇ ಇಲ್ಲ. ನನ್ನ ಹತ್ತಿರ ಬಂದ ಒಬ್ಬ ಹುಡುಗ ಒಂದು ಸ್ಟ್ರೈಕ್ ತೆಗೆಸಲು ಹೋಗಿ ಆರು ವರ್ಷದ ಖಾತೆಯನ್ನೇ ಕಳೆದುಕೊಂಡ. ನನ್ನ ಹತ್ತಿರ ಬರುವ ಹೊತ್ತಿಗೆ ಪಾಸ್‌ವರ್ಡ್ ಜೊತೆಗೆ ಮೇಲ್ ಐಡಿಯೂ ಬದಲಾಗಿತ್ತು.

ಈ ಅಂಕಣದ ಫೋಟೋ ಹೊಡೆದು, ನಿಮ್ಮ ಹೆಸರು ಹಾಕಿ, ನಮ್ಮ ಗ್ರೂಪಿನಲ್ಲಿ ಹಂಚಬಹುದಾ? ಸಂಪಾದಕರನ್ನು ಕೇಳಿ. ನನ್ನ ಕಡೆಯಿಂದ ಅಡ್ಡಿಯಿಲ್ಲ. ಹಂಚುವ ಮೊದಲೇ ಕೇಳಿದವರು ಇಷ್ಟು ಪತ್ರಗಳಲ್ಲಿ ನೀವೊಬ್ಬರೇ.