ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ವೃತ್ತಿಪರ ಆಟ ಶುರು ಮಾಡಿದ್ದು 1984ರಲ್ಲಿ. ಹಾಗಿದ್ದರೂ ಅವರ ರೂಕಿ ಕಾರ್ಡ್ 1986ರದ್ದು ಅಂತಾರಲ್ಲ, ಯಾಕೆ?

ಇಲ್ಲಿ ಕಾರ್ಡ್ ಅಂದರೆ ಆಟಗಾರರ ಚಿತ್ರ ಇರುವ, ಜನ ಸಂಗ್ರಹಿಸುವ ಕಾರ್ಡ್. ರೂಕಿ ಕಾರ್ಡ್ ಅಂದರೆ ಆಟಗಾರನ ಮೊದಲ ವರ್ಷದ ಕಾರ್ಡ್ ಅಂತಲೇ ಅಲ್ಲ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಪ್ಯಾಕೆಟ್‌ನಲ್ಲಿ ಅವನ ಕಾರ್ಡ್ ಮೊದಲ ಸಲ ಬಂದದ್ದು ಯಾವಾಗ ಅನ್ನೋದೇ ಹೆಚ್ಚಿನವರ ಲೆಕ್ಕ. ಜೋರ್ಡನ್ ಷಿಕಾಗೊ ಬುಲ್ಸ್ ತಂಡ ಸೇರಿದಾಗ ಅಮೆರಿಕದಲ್ಲಿ ಅಂಥ ಬಾಸ್ಕೆಟ್‌ಬಾಲ್ ಪ್ಯಾಕೆಟ್‌ಗಳೇ ಇರಲಿಲ್ಲ. ಟಾಪ್ಸ್ ಅನ್ನೋ ಕಾರ್ಡ್ ಕಂಪನಿ ಅವನ್ನು ಮಾಡೋದನ್ನು ಕೆಲವು ವರ್ಷ ಮೊದಲೇ ಕೈಬಿಟ್ಟಿತ್ತು. ಸ್ಟಾರ್ ಅನ್ನೋ ಸಣ್ಣ ಕಂಪನಿ 1984-85ರಲ್ಲೇ ಅವರ ಕಾರ್ಡ್ ಮಾಡಿತು ನಿಜ. ಆದರೆ ಅದನ್ನು ಮಾರಿದ್ದು ಅಂಥ ಪ್ಯಾಕೆಟ್‌ನಲ್ಲಲ್ಲ, ಒಂದೊಂದು ತಂಡದ ಕಾರ್ಡ್‌ಗಳನ್ನು ಒಂದೊಂದು ಚೀಲದಲ್ಲಿ ಹಾಕಿ. ಹಾಗಾಗಿ ಫ್ಲೀರ್ ಕಂಪನಿಯ 1986-87ರ ಸೆಟ್‌ನ 132 ಕಾರ್ಡ್‌ಗಳಲ್ಲಿ 57ನೆಯದಕ್ಕೆ ರೂಕಿ ಕಾರ್ಡ್ ಅನ್ನೋ ಪಟ್ಟ ಸಿಕ್ಕಿತು. ಸ್ಟಾರ್ ಕಾರ್ಡೇ ನಿಜವಾದ ಮೊದಲನೆಯದು ಎಂದು ವಾದಿಸುವವರು ಈಗಲೂ ಇದ್ದಾರೆ. ನನಗೂ ಅವರ ಮಾತು ತಪ್ಪು ಅನ್ನಿಸಲ್ಲ.

ಈ ಫ್ಲೀರ್ ಕಾರ್ಡ್ ಅಪರೂಪದ್ದೇನೂ ಅಲ್ಲ, ಸಾವಿರಾರು ಇವೆ. ಅಪರೂಪ ಅಂದರೆ ಕಲೆ, ಗೀರು ಇಲ್ಲದ ಪ್ರತಿ. ಸುತ್ತ ಕೆಂಪು, ಬಿಳಿ, ನೀಲಿ ಅಂಚು. ಮೂಲೆ ಸ್ವಲ್ಪ ಉಜ್ಜಿದರೂ ಬಣ್ಣ ಎದ್ದು ಬಿಳಿ ಚುಕ್ಕೆ ಕಾಣುತ್ತದೆ. ಎಷ್ಟೋ ಕಾರ್ಡ್‌ಗಳಲ್ಲಿ ಚಿತ್ರವೇ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದಿದೆ. ಪಿಎಸ್‌ಎ ಎಂಬ ಸಂಸ್ಥೆ ಇದನ್ನೆಲ್ಲ ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತದೆ. 10 ಅಂಕದ್ದೊಂದು 2021ರ ಜನವರಿಯಲ್ಲಿ 7,38,000 ಡಾಲರ್‌ಗೆ ಹೋಯಿತು. ಆಮೇಲೆ ಬೆಲೆ ಜೋರಾಗಿ ಇಳಿಯಿತು. ನಕಲಿ ಕೂಡ ಜಾಸ್ತಿ, ಡಬ್ಬಿ ಇಲ್ಲದ್ದನ್ನು ಸುಮ್ನೆ ನಂಬಿ ಕೊಳ್ಳಬೇಡಿ.